ಹಲಸಿನಹಣ್ಣಿಗೆ ಹೇಳಿದ ಮಾತು

ಕಾಂತೇಶ ತನ್ನ ಹೆಂಡತಿಯನ್ನು ಪೆಟ್ರೋಲ್ ಬಂಕಿನಲ್ಲಿ ಬಿಟ್ಟುಹೋಗಿದ್ದು ಬೇಕಂತಲೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಕುಣಿಗಲ್ಲಿನಲ್ಲಿ ಅವನ ಮಾವನ ಮನೆಯವರು ಈ ಕಥೆಯನ್ನು ಬೇರೆ ಥರ ಹೇಳುತ್ತಾರೆ. ಅದೂ ಅವನು ಊಟಕ್ಕೆ ಕೂತು ಬಾಯಿಗೆ ತುತ್ತಿಟ್ಟ ಮೇಲೆಯೇ ಶುರು ಮಾಡುತ್ತಾರೆ.

ಕಾಂತೇಶ ಗುಬ್ಬಿಯವನು. ತುಮಕೂರಿನ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ದಿನಾ ಬೈಕಿನಲ್ಲೇ ಹೋಗಿಬರುತ್ತಿದ್ದ. ಕೆಟ್ಟ ಮೆಷಿನ್ನು ಎದುರಿಗಿದ್ದರೆ ಅದರ ಪಕ್ಕ ಕೂತು, ಮಗುವನ್ನು ಮಾತಾಡಿಸಿದಂತೆ ಮಾತಾಡಿಸಿ ರಿಪೇರಿ ಮಾಡುತ್ತಿದ್ದ. ಮನುಷ್ಯರು ಎದುರಿಗೆ ಬಂದರೆ ಮಾತ್ರ ಬಾಯಿಗೆ ಬೀಗ. ಮದುವೆಯಾಗಿ ಆರು ವರ್ಷವಾದರೂ ವನಜಾಕ್ಷಿ ಏನು ಕೇಳಿದರೂ ಅವನ ಹತ್ತಿರ ಇದ್ದದ್ದು ಎರಡೇ ಉತ್ತರ, "ಹ್ಞೂಂ" ಮತ್ತು "ನೋಡೋಣ". ಅಂಥವನ ಜೊತೆ ಜಗಳವಾದರೂ ಹೇಗೆ ಆಡುವುದು ಹೇಳಿ! ಪಾಪ, ಅವಳು ಎರಡೂ ಕಡೆಯ ಜಗಳವನ್ನು ತಾನೊಬ್ಬಳೇ ಆಡಿ ಮುಗಿಸಿ, ಕೊನೆಗೆ ತಾನೇ ರಾಜಿಯಾಗುತ್ತಿದ್ದಳು.

ತೊಂಬತ್ತೆಂಟನೇ ಇಸವಿ, ಹಲಸಿನ ಕಾಲ. ಕುಣಿಗಲ್ಲಿನಲ್ಲಿ ವನಜಾಕ್ಷಿಯ ತಮ್ಮ ನಾಗೇಶನ ಹೊಸ ಮನೆಯ ಗೃಹಪ್ರವೇಶ. ಬೆಳಿಗ್ಗೆ ಅವಳು ಬದನೆಕಾಯಿ ಬಣ್ಣದ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತು, "ಹೆಂಗಿದೆ ರೀ?" ಎಂದಳು. ಕಾಂತೇಶ ಆಗ ಹಾಗಲವಾಡಿಯ ತೋಟದಿಂದ ತಂದಿದ್ದ ದೊಡ್ಡದೊಂದು ಹಲಸಿನಹಣ್ಣನ್ನು ಗೋಣಿಚೀಲಕ್ಕೆ ತುಂಬಿ, ಬೈಕಿನ ಸೀಟಿನ ನಡುವೆ ನಿಲ್ಲಿಸಿ ನಾರಿನ ಹಗ್ಗದಲ್ಲಿ ಬಿಗಿಯುತ್ತಿದ್ದ. ಒಮ್ಮೆ ತಲೆಯೆತ್ತಿದ, ಮತ್ತೆ ಹಗ್ಗದ ಗಂಟಿನ ಕಡೆ ತಿರುಗಿ, "ಹ್ಞೂಂ" ಎಂದ.

ವನಜಾಕ್ಷಿ ಹಣ್ಣಿನ ಹಿಂದೆ ಉಳಿದಿದ್ದ ಅಂಗೈಯಗಲದ ಜಾಗದಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟುಕೊಂಡು, ಚೀಲವನ್ನು ತಬ್ಬಿಕೊಂಡು ಕೂತಳು.

ಗುಬ್ಬಿ ದಾಟುವಷ್ಟರಲ್ಲಿ ಕಾಂತೇಶನಿಗೆ ಆ "ಹ್ಞೂಂ" ಸಾಲದು ಅನ್ನಿಸತೊಡಗಿತು. ಸೀರೆ ಚೆನ್ನಾಗಿತ್ತು. ಅವಳು ಇನ್ನೂ ಚೆನ್ನಾಗಿ ಕಾಣುತ್ತಿದ್ದಳು. ಅದನ್ನು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಹೇಳಲೇಬೇಕು ಎಂದುಕೊಂಡ. ಮಾತನ್ನು ಮನಸ್ಸಿನಲ್ಲೇ ಜೋಡಿಸತೊಡಗಿದ, ಕಿತ್ತು ಮತ್ತೆ ಜೋಡಿಸಿದ. ಬಿ.ಎಚ್. ರಸ್ತೆಯ ಲಾರಿಗಳ ಗದ್ದಲದಲ್ಲಿ ಹೇಳುವ ಮಾತಲ್ಲ ಅದು ಎಂದು ತುಮಕೂರಿನವರೆಗೆ ಬಾಯಲ್ಲೇ ಇಟ್ಟುಕೊಂಡ. ಊರು ಬಿಟ್ಟು ಕುಣಿಗಲ್ ರಸ್ತೆಗೆ ತಿರುಗಿದ ಮೇಲೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ. ಬಂಕಿನಲ್ಲಿ ಹಿಂದೆ ಕೂತವರು ಇಳಿಯುವುದು ರೂಢಿ. ವನಜಾಕ್ಷಿ ಇಳಿದು ನಲ್ಲಿಯ ಕಡೆ ಹೋದಳು. ಕಾಂತೇಶ ಆ ಮಾತಿನ ಕೊನೆಯ ನಟ್ಟು ಬಿಗಿಯುವುದರಲ್ಲಿ ಮುಳುಗಿದ್ದವನು ಗಾಡಿ ಸ್ಟಾರ್ಟ್ ಮಾಡಿ ಹೊರಟುಬಿಟ್ಟ.

ಗಾಡಿ ಹಗುರವಾಗಿ ಓಡತೊಡಗಿತು. ಹೊಸ ಪೆಟ್ರೋಲಿನ ಮಹಿಮೆ ಎಂದುಕೊಂಡ.

ಗೂಳೂರು ದಾಟಿ ರಸ್ತೆ ಖಾಲಿಯಾದಾಗ, ಗಂಟಲು ಸರಿಮಾಡಿಕೊಂಡು, ಮುಖ ರಸ್ತೆಯ ಕಡೆಗೇ ಇಟ್ಟುಕೊಂಡು ಹೇಳಿದ. "ಬದನೆಕಾಯಿ ಬಣ್ಣ ನಿಂಗೆ ಒಪ್ಪುತ್ತೆ ಕಣೇ. ಚೆನ್ನಾಗ್ ಕಾಣ್ತೀಯ."

ಹಿಂದಿನಿಂದ ಉತ್ತರ ಬರಲಿಲ್ಲ. ನಾಚಿಕೊಂಡಿದ್ದಾಳೆ ಎಂದುಕೊಂಡ. ಆರು ವರ್ಷದ ಸಾಲ ತೀರಿಸಿದವನಂತೆ ಎದೆ ಹಗುರಾಗಿ, ಹೆಬ್ಬೂರು ಬರುವವರೆಗೂ ಶಿಳ್ಳೆ ಹಾಕಿಕೊಂಡೇ ಹೋದ.

ಕುಣಿಗಲ್ಲಿನಲ್ಲಿ ನಾಗೇಶನ ಹೊಸ ಮನೆಯ ಮುಂದೆ ಗಾಡಿ ನಿಲ್ಲಿಸಿ, ಅವಳಿಗೆ ಇಳಿಯಲು ಅನುಕೂಲವಾಗಲಿ ಎಂದು ಎಡಕ್ಕೆ ವಾಲಿಸಿ, "ನಿಧಾನಕ್ಕೆ ಇಳಿ, ಸೆರಗು ಚಕ್ರಕ್ಕೆ ಸಿಕ್ಕೀತು" ಎಂದ. ಅತ್ತೆ ಸುಬ್ಬಲಕ್ಷ್ಮಮ್ಮ ನಗುತ್ತಾ ಹೊರಗೆ ಬಂದರು.

"ಬನ್ನಿ, ಬನ್ನಿ. ವನಜ ಎಲ್ರಪ್ಪಾ?"

"ಇಲ್ಲೇ ಇದಾಳಲ್ಲ" ಎಂದು ಕಾಂತೇಶ ತಿರುಗದೆಯೇ ಹೆಬ್ಬೆರಳಿನಿಂದ ಹಿಂದೆ ತೋರಿಸಿದ.

ಸುಬ್ಬಲಕ್ಷ್ಮಮ್ಮ ಗೋಣಿಚೀಲವನ್ನು ನೋಡಿದರು. ಅಳಿಯನನ್ನು ನೋಡಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅಷ್ಟರಲ್ಲಿ ನೆಂಟರಿಷ್ಟರೆಲ್ಲ ಚಪ್ಪರದಿಂದ ಎದ್ದು ಬಂದಿದ್ದರು. ಕಾಂತೇಶ ತಿರುಗಿ ನೋಡಿ ಕಕ್ಕಾಬಿಕ್ಕಿಯಾದ.

"ಅಲ್ಲಾ ಭಾವ, ದಾರೀಲೆಲ್ಲೂ ಗೊತ್ತಾಗ್ಲೇ ಇಲ್ವಾ?" ಎಂದ ನಾಗೇಶ.

ಇಲ್ಲಿ ಅವನು ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಆರು ವರ್ಷ ಮುಚ್ಚಿಕೊಂಡಿದ್ದವನು ಆವತ್ತೇ ತೆರೆಯಬೇಕೆ! "ಬೆನ್ನಿಗೆ ಚುಚ್ತಾನೇ ಇತ್ತು ಕಣಪ್ಪ" ಎಂದ. "ಅವಳೇ ಅಂದ್ಕೊಂಡೆ."

ಚಪ್ಪರವೇ ಕಿತ್ತುಬೀಳುವ ಹಾಗೆ ಜನ ನಕ್ಕರು. ಕಾಂತೇಶ ಗಾಡಿ ತಿರುಗಿಸಿಕೊಂಡು ಬಂಕಿನ ಕಡೆ ಹಾರಿದ. ಹಣ್ಣು ಬಿಚ್ಚಿಡಲೂ ಪುರುಸೊತ್ತಿರಲಿಲ್ಲ. ಹೆಬ್ಬೂರಿನ ಹತ್ತಿರ ಎದುರಿಗೆ ಪ್ರೈವೇಟ್ ಬಸ್ಸೊಂದು ಬಂತು. ಅದರ ಕಿಟಕಿಯಿಂದ ವನಜಾಕ್ಷಿ ತನ್ನ ಗಂಡ ಹಲಸಿನಹಣ್ಣನ್ನು ಕೂರಿಸಿಕೊಂಡು ಕುಣಿಗಲ್ಲಿನಿಂದ ವಾಪಸು ಹೋಗುತ್ತಿರುವುದನ್ನು ಕಣ್ಣಾರೆ ಕಂಡಳು. ಅವನು ಬಂಕಿಗೆ ಹೋಗಿ, ವಿಷಯ ತಿಳಿದು ಮರಳಿ ಬರುವಷ್ಟರಲ್ಲಿ ಊಟದ ಎರಡನೇ ಪಂಕ್ತಿ ಕೂತಿತ್ತು. ವನಜಾಕ್ಷಿ ಹೋಳಿಗೆ ಬಡಿಸುತ್ತಾ ಬಂದಳು, ಅವನ ಎಲೆಯನ್ನು ದಾಟಿ ಮುಂದಿನ ಎಲೆಗೆ ಬಡಿಸಿದಳು.

ಆವತ್ತು ಸಂಜೆ ಗುಬ್ಬಿಗೂ ಅವಳು ಬಸ್ಸಿನಲ್ಲೇ ಬಂದಳು. ಬಂದು, ಸೀರೆ ಬದಲಾಯಿಸಿ, ಒಂದೇ ಮಾತು ಹೇಳಿದಳು. "ಆ ಸೀಟಿನ ಮೇಲೆ ನಾನಿದ್ರೂ ಒಂದೇ, ಹಲಸಿನಹಣ್ಣಿದ್ರೂ ಒಂದೇ. ನಿಮಗೆ ಗೊತ್ತಾಗಲ್ಲ. ಇನ್ಮೇಲೆ ನಾನು ಅದರ ಮೇಲೆ ಕೂರಲ್ಲ."

ಕೂರಲಿಲ್ಲ. ತುಮಕೂರಿಗೆ ಹೋಗುವುದಿದ್ದರೂ ಬಸ್ಸು, ಗುಬ್ಬಿಯ ಸಂತೆಗೆ ಹೋಗುವುದಿದ್ದರೂ ನಡಿಗೆ. ಮನೆಯಲ್ಲಿ ಮಾತು ನಿಲ್ಲಲಿಲ್ಲ, "ಊಟಕ್ಕೆ ಬನ್ನಿ", "ಗ್ಯಾಸ್ ಮುಗಿದಿದೆ" ಎಲ್ಲಾ ಇತ್ತು. ಆದರೆ ಬದನೆಕಾಯಿ ಬಣ್ಣದ ಸೀರೆ ಟ್ರಂಕಿನ ತಳ ಸೇರಿತು, ಅವಳು ಅವನನ್ನು ಏನನ್ನೂ "ಹೆಂಗಿದೆ" ಎಂದು ಕೇಳುವುದನ್ನು ಬಿಟ್ಟಳು. ಆ ಪ್ರಶ್ನೆ ಇಲ್ಲದ ಮನೆ ಎಷ್ಟು ಬಣಗುಟ್ಟುತ್ತದೆ ಎಂದು ಕಾಂತೇಶನಿಗೆ ಆಗಲೇ ಗೊತ್ತಾಗಿದ್ದು.

ಅವನ ನಿಜವಾದ ಸಂಕಟ ಬೇರೆಯದೇ ಇತ್ತು. ಅಷ್ಟು ಕಷ್ಟಪಟ್ಟು ಜೋಡಿಸಿದ ಮಾತು ಹಲಸಿನಹಣ್ಣಿನ ಪಾಲಾಗಿತ್ತು. ಅದನ್ನು ಜನ ಬಿಡಿಸಿ ತಿಂದೂ ಆಗಿತ್ತು. ಇವಳಿಗೆ ಇನ್ನೊಂದು ಸಲ ಹೇಳಬೇಕು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಲು ನೋಡಿದ. ಅವಳು ಸೌಟು ಹಿಡಿದು ತಿರುಗಿ, "ಏನು?" ಎಂದಳು. "ನೀರು" ಎಂದ. ಎಷ್ಟು ಸಲ ಪ್ರಯತ್ನಪಟ್ಟನೋ ಅಷ್ಟು ಸಲ ನೀರು ಕುಡಿದ. ಆ ಮಾತು ಅವನ ಬಾಯಿಂದ ಹೊರಡುವುದು ಬೈಕಿನ ಮೇಲೆ, ಮುಖ ರಸ್ತೆಯ ಕಡೆಗಿದ್ದು, ಕೇಳುವವರು ಬೆನ್ನ ಹಿಂದೆ ಇದ್ದಾಗ ಮಾತ್ರ. ಬೆನ್ನ ಹಿಂದೆ ಕೂರಲು ಅವಳು ತಯಾರಿಲ್ಲ.

ಪುಷ್ಯ ಮಾಸದ ಹೊತ್ತಿಗೆ ಕುಣಿಗಲ್ಲಿನಿಂದ ಸುದ್ದಿ ಬಂತು. ವನಜಾಕ್ಷಿಯ ತಂಗಿ ಸಂಧ್ಯಾಗೆ ಮಾಘದಲ್ಲಿ ಸೀಮಂತ. "ನಾನು ಬಸ್ಸಲ್ಲಿ ಹೋಗ್ತೀನಿ" ಎಂದು ಅವಳು ಯಾರೂ ಕೇಳದೆಯೇ ಹೇಳಿದಳು.

ಕಾಂತೇಶ ಕೂತು ಯೋಚಿಸಿದ. ಬೇರೆ ಗಂಡಸಾಗಿದ್ದರೆ ಇಷ್ಟೊತ್ತಿಗೆ ತಪ್ಪಾಯ್ತು ಎಂದು ಕೈಮುಗಿದೋ, ಒಂದು ಮೊಳ ಮಲ್ಲಿಗೆ ತಂದೋ ಬಗೆಹರಿಸಿಕೊಂಡಿರುತ್ತಿದ್ದ. ಇವನು ಫಿಟ್ಟರ್. ಇವನ ಕಿವಿಗೆ ಅವಳ ದೂರು ಬಿದ್ದದ್ದೇ ಬೇರೆ ಥರ. ಸೀಟಿನ ಮೇಲೆ ಯಾರಿದ್ದಾರೆಂದು ನಿಮಗೆ ಗೊತ್ತಾಗಲ್ಲ ಎಂದಳಲ್ಲ? ಹಾಗಾದರೆ ದೋಷ ಸೀಟಿನಲ್ಲಿದೆ. ಗೊತ್ತಾಗುವಂಥ ಸೀಟು ಮಾಡಿದರೆ ಆಯಿತು.

ಭಾನುವಾರ ಬೆಳಿಗ್ಗೆ ಸೀಟು ಬಿಚ್ಚಿ ಜಗಲಿಯ ಮೇಲೆ ಬೋರಲು ಹಾಕಿಕೊಂಡು ಕೂತ. ಸ್ಕ್ರೂಡ್ರೈವರಿನಲ್ಲಿ ಪಿನ್ನುಗಳನ್ನು ಮೀಟಿ, ರೆಕ್ಸಿನ್ ಸುಲಿದು, ಒಳಗಿನ ಸ್ಪಂಜನ್ನು ಬಿಸಿಲಿಗಿಟ್ಟ. ತುಮಕೂರಿನಲ್ಲಿ ಸೀಟು ಕುಷನ್ ಮಾಡುವ ಅಂಗಡಿಗಳಿಗೇನೂ ಬರವಿರಲಿಲ್ಲ. ಆದರೆ ಅಲ್ಲಿಗೆ ಹೋದರೆ ಯಾಕೆ, ಏನು ಎಂದು ಹೇಳಬೇಕಲ್ಲ!

ಅವನ ತಾಯಿ ರಂಗಲಕ್ಷ್ಮಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಬಂದು ನಿಂತಳು. "ಏನ್ಲಾ ಕಾಂತ, ಚೆನ್ನಾಗಿರೋ ಸೀಟ್ ಕಿತ್ತಾಕ್ಕೊಂಡು ಕೂತಿದೀಯ?"

"ಬೆನ್ನುನೋವು ಕಣಮ್ಮ."

"ಬೆನ್ನುನೋವಿಗೆ ಸೀಟ್ ಕಿತ್ರೆ, ತಲೆನೋವಿಗೆ ಏನ್ ಕೀಳ್ತೀಯ?"

ಕಾಂತೇಶ ಒಳಗೆ ಹೋಗಿ ಅವಳ ಈಳಿಗೆಮಣೆ ತಂದು, ಕುಂಬಳಕಾಯಿ ಹೆಚ್ಚಿದಂತೆ ಸ್ಪಂಜು ಹೆಚ್ಚತೊಡಗಿದ. ರಂಗಲಕ್ಷ್ಮಮ್ಮ ಬೈದ ಬೈಗುಳ ಪಕ್ಕದ ಬೀದಿಗೂ ಕೇಳಿಸಿತು.

ಮೊದಲು ಹಿಂದಿನ ಭಾಗಕ್ಕೆ ತೋಟದ ತೆಂಗಿನ ನಾರು ತುಂಬಿ ನೋಡಿದ. ಗಾಡಿಗೆ ಸ್ಟ್ಯಾಂಡ್ ಹಾಕಿ ತಾಯಿಯನ್ನು ಕೂರಿಸಿದ. ಮುಳ್ಳುಹಂದಿ ಮೇಲೆ ಕೂತಂಗಾಯ್ತು ಎಂದು ಅವಳು ಎದ್ದುಹೋದಳು. ಹಳೇ ಹಾಸಿಗೆಯ ಹತ್ತಿ ತುಂಬಿದ. ಕೂರುವುದಕ್ಕೇನೋ ಸುಖವಾಗಿತ್ತು, ಆದರೆ ಮುಂದೆ ಕೂತವನಿಗೆ ಹಿಂದಿನ ಸಮಾಚಾರವೇ ತಿಳಿಯುತ್ತಿರಲಿಲ್ಲ. ಸೀಟಿಲ್ಲದ ಗಾಡಿಯ ಮೇಲೆ ಮಡಚಿದ ಕಂಬಳಿ ಹಾಕಿಕೊಂಡೇ ಕೆಲಸಕ್ಕೆ ಹೋಗಿಬರುತ್ತಿದ್ದ. ಈಗ ನಿಜವಾಗಿಯೂ ಬೆನ್ನುನೋವು ಬಂತು.

ಹೀಗಿರುವಾಗ ಅಂತರಸನಹಳ್ಳಿಯ ಕಾರ್ಖಾನೆಯ ಗೇಟಿನ ಹತ್ತಿರ ಪಂಕ್ಚರ್ ಅಂಗಡಿಯವನು ಸ್ಕೂಟರ್ ಟ್ಯೂಬೊಂದನ್ನು ನೀರಿನ ಬಾಣಲೆಯಲ್ಲಿ ಅದ್ದಿ ಅದ್ದಿ ನೋಡುತ್ತಿದ್ದ. ಈ ಕಡೆ ಅದುಮಿದರೆ ಆ ಕಡೆ ಉಬ್ಬುತ್ತಿತ್ತು. ಕಾಂತೇಶ ಗಾಡಿ ನಿಲ್ಲಿಸಿ ನೋಡುತ್ತಾ ನಿಂತುಬಿಟ್ಟ.

"ನಿಮ್ದೂ ಪಂಕ್ಚರ್ರಾ ಸಾರ್?" ಎಂದ ಅಂಗಡಿಯವನು.

"ಹ್ಞೂಂ" ಎಂದ ಕಾಂತೇಶ. ಸುಳ್ಳೇನಲ್ಲ ಅದು.

ಮುಂದಿನ ಭಾನುವಾರ ಹಳೇ ಸ್ಕೂಟರ್ ಟ್ಯೂಬೊಂದನ್ನು ಉದ್ದಕ್ಕೆ ಚಪ್ಪಟೆ ಮಾಡಿ ಸೀಟಿನ ತಗಡಿನ ಮೇಲೆ ಮಲಗಿಸಿದ. ಅರ್ಧ ತನ್ನ ಅಡಿಗೆ, ಅರ್ಧ ಹಿಂದೆ ಕೂರುವವರ ಅಡಿಗೆ. ತಗಡಿನ ಪಕ್ಕದಲ್ಲಿ ತೂತು ಕೊರೆದು ಗಾಳಿ ಹಾಕುವ ಮೂತಿಯನ್ನು ಹೊರಗೆ ತಂದ. ಮೇಲೆ ತೆಳುವಾಗಿ ಕೊಯ್ದ ಸ್ಪಂಜು ಹರಡಿ, ರೆಕ್ಸಿನ್ ಎಳೆದು ಬಿಗಿದು, ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಲೆಕ್ಕ ಸುಲಭ. ಹಿಂದೆ ಯಾರಾದರೂ ಕೂತರೆ ಅಲ್ಲಿನ ಗಾಳಿ ಮುಂದಕ್ಕೆ ಬಂದು ಇವನನ್ನು ಎತ್ತುತ್ತದೆ. ಅವರು ಇಳಿದರೆ ಗಾಳಿ ಹಿಂದಕ್ಕೆ ಹೋಗಿ ಇವನು ಕೆಳಗಿಳಿಯುತ್ತಾನೆ.

ಮತ್ತೆ ತಾಯಿಯನ್ನು ಕರೆದ. ರಂಗಲಕ್ಷ್ಮಮ್ಮ ತೂಕದ ಹೆಂಗಸು, ಕೂರುವುದನ್ನೂ ನಿಧಾನವಾಗಿ ಮಾಡುವವಳಲ್ಲ. ಅವಳು ಧೊಪ್ಪನೆ ಕೂತದ್ದೇ ತಡ, ಕಾಂತೇಶ ಸೀಟಿನಿಂದ ಜಾರಿ ಪೆಟ್ರೋಲ್ ಟ್ಯಾಂಕಿನ ಮೇಲೆ ಹೋಗಿ ಕೂತ.

"ಎಲ್ಲೋ ಹೋಗ್ತಿದೀಯ ನನ್ನ ಬಿಟ್ಟು?" ಎಂದಳು ತಾಯಿ ಹಿಂದಿನಿಂದ. "ನನ್ನೂ ಮರೆತೋಗ್ತೀಯೇನ್ಲಾ?"

ಗಾಳಿ ಕಡಿಮೆ ಮಾಡಿದ. ತಾಯಿಯನ್ನು ಹತ್ತಿಸಿದ, ಇಳಿಸಿದ. ಕೊನೆಗೆ ಅವಳು ಕೂತಾಗ ಅರ್ಧ ಅಂಗುಲ ಮೆತ್ತಗೆ ಏಳುವಂತೆ, ಇಳಿದಾಗ ಉಸ್ಸೆಂದು ಅಷ್ಟೇ ಕುಸಿಯುವಂತೆ ಹದಕ್ಕೆ ಬಂತು. ಕೂರಲು ಎಷ್ಟು ಸುಖವಾಗಿತ್ತೆಂದರೆ ರಂಗಲಕ್ಷ್ಮಮ್ಮ ಇಳಿಯಲು ಮನಸ್ಸಿಲ್ಲದೆ ಅಲ್ಲೇ ಕೂತು ಎರಡನೇ ಸಲ ಎಲೆ ಅಡಿಕೆ ಹಾಕಿಕೊಂಡಳು.

ವನಜಾಕ್ಷಿ ಹೊಸಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ನೋಡುತ್ತಿದ್ದಳು. ಕಾಂತೇಶ ಅವಳ ಮುಂದೆ ಬಂದು ನಿಂತು, ಸೀಟು ತೋರಿಸಿ, "ಈಗ ಗೊತ್ತಾಗುತ್ತೆ" ಎಂದ.

"ನಾನು ಕೂತ್ರೆ ನೀವು ಮೇಲೇಳ್ತೀರ."

"ಹ್ಞೂಂ."

"ಇಳಿದ್ರೆ ಕೆಳಗಿಳೀತೀರ."

"ಹ್ಞೂಂ."

ವನಜಾಕ್ಷಿ ಒಂದು ಕಾಯಿ ಸುಲಿದು ಕಾಳು ಮೊರಕ್ಕೆ ಹಾಕಿದಳು. "ಹಲಸಿನಹಣ್ಣು ಇಟ್ರೆ?"

ಕಾಂತೇಶ ಸೀಟಿನ ಕಡೆ ತಿರುಗಿ ನೋಡಿದ. ಇಷ್ಟು ಭಾನುವಾರ ಇದೊಂದು ಹೊಳೆದಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ತಾನು ಮಾಡಿದ ಕೆಲಸದ ಬಗ್ಗೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ಅದಕ್ಕೂ ಏಳ್ತೀನಿ" ಎಂದ.

ವನಜಾಕ್ಷಿ ಮೊರ ಎತ್ತಿಕೊಂಡು ಒಳಗೆ ಹೋದಳು. ಕಾಂತೇಶ ಸೀಟಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದ. ಅವನಿಗೆ ಅಳು ಬಂದ ಹಾಗಾಗಿತ್ತು, ಆದರೆ ತಾಯಿ ನೋಡುತ್ತಿದ್ದಳು.

ಸೀಮಂತದ ದಿನ ಬೆಳಿಗ್ಗೆ ವನಜಾಕ್ಷಿ ತಂಗಿಗೆಂದು ಮಡಿಲಕ್ಕಿ, ಬಳೆಗಳನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಳು. ಗೇಟಿನ ಹತ್ತಿರ ಕಾಂತೇಶ ಗಾಡಿಯ ಮೇಲೆ ಕೂತಿದ್ದ. ಅವಳು ದಾಟಿ ಹೋಗುವಾಗ ಹ್ಯಾಂಡಲನ್ನು ನೋಡುತ್ತಾ ಮಾತಾಡಿದ.

"ಅವತ್ತು ಬಂಕ್ ಬಿಟ್ಮೇಲೆ ನಾನೊಂದು ಮಾತು ಹೇಳ್ದೆ."

ವನಜಾಕ್ಷಿ ನಿಂತಳು. "ಯಾರಿಗೆ?"

"ನಿಂಗೇ. ಅದು ಹಲಸಿನಹಣ್ಣಿಗೆ ಹೋಯ್ತು."

"ಏನ್ ಹೇಳಿದ್ರಿ?"

"ಇಲ್ಲಿ ಬರಲ್ಲ ಅದು" ಎಂದ ಕಾಂತೇಶ. "ಬಾಯಿಗೇ ಬರಲ್ಲ. ಎಷ್ಟು ಸಲ ನೋಡ್ದೆ. ಹತ್ತು, ಅಲ್ಲಿ ಹೋದ್ಮೇಲೆ ಹೇಳ್ತೀನಿ."

ಮದುವೆಯಾದ ಮೇಲೆ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ವನಜಾಕ್ಷಿ ಬ್ಯಾಗನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡಳು. ಜಗಲಿಯಿಂದ ರಂಗಲಕ್ಷ್ಮಮ್ಮ, "ಹೋಗೇ ತಾಯಿ" ಎಂದಳು. "ಆ ಹಣ್ಣಿಗೆ ಗೊತ್ತಿರೋದು ನಿಂಗೆ ಗೊತ್ತಿಲ್ದಿದ್ರೆ ಹೆಂಗೆ?"

ವನಜಾಕ್ಷಿ ಹತ್ತಿ ಕೂತಳು. ಕಾಂತೇಶ ಅರ್ಧ ಅಂಗುಲ ಮೇಲೆದ್ದ.

ಬಿ.ಎಚ್. ರಸ್ತೆಯ ಲಾರಿಗಳ ಗದ್ದಲ ಮುಗಿಯಿತು. ಕುಣಿಗಲ್ ರಸ್ತೆಯ ಅದೇ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ. ವನಜಾಕ್ಷಿ ಇಳಿದಳು, ಅವನು ಉಸ್ಸೆಂದು ಕುಸಿದ. ಅವಳು ನಲ್ಲಿಯ ಹತ್ತಿರ ಹೋಗಿ ನೀರು ಕುಡಿದಳು, ಸೆರಗು ಸರಿಮಾಡಿಕೊಂಡಳು, ಆಮೇಲೆ ಕೆಲಸವೇನೂ ಇಲ್ಲದಿದ್ದರೂ ಅಲ್ಲೇ ನಿಂತಳು. ಹಿಂದೆ ಟೆಂಪೋದವನು ಹಾರ್ನ್ ಹೊಡೆದು, "ಹೋಗ್ರೀ ಸ್ವಾಮಿ, ಜಾಗ ಬಿಡ್ರೀ" ಎಂದು ಕೂಗಿದ. ಕಾಂತೇಶ ಹೋಗಲಿಲ್ಲ. ಟೆಂಪೋದವನು ಬೈದ. ಆಗಲೂ ಹೋಗಲಿಲ್ಲ. ಕೊನೆಗೆ ವನಜಾಕ್ಷಿಯೇ ಬಂದು ಕೂತಳು.

ಗೂಳೂರು ದಾಟಿ ರಸ್ತೆ ಖಾಲಿಯಾಯಿತು. ಕಾಂತೇಶ ಗಂಟಲು ಸರಿಮಾಡಿಕೊಂಡ. ಒಂದು ಸಲ ಅಲ್ಲ, ನಾಲ್ಕಾರು ಸಲ.

"ಬದನೆಕಾಯಿ ಬಣ್ಣ ನಿಂಗೆ ಒಪ್ಪುತ್ತೆ ಕಣೇ" ಎಂದ. "ಚೆನ್ನಾಗ್ ಕಾಣ್ತೀಯ."

ಹಿಂದಿನಿಂದ ಉತ್ತರ ಬರಲಿಲ್ಲ. ಸೀಟು ಅವನನ್ನು ಎತ್ತಿಯೇ ಹಿಡಿದಿತ್ತು, ಅಂದರೆ ಅವಳು ಇದ್ದಾಳೆ. ಆದರೆ ಹಲಸಿನಹಣ್ಣಾಗಿದ್ದರೂ ಎತ್ತಿಯೇ ಹಿಡಿದಿರುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ. ಹುಣಸೆಮರವೊಂದರ ಕೆಳಗೆ ಗಾಡಿ ನಿಲ್ಲಿಸಿ, ಸೊಂಟ ತಿರುಗಿಸಿ ಹಿಂದೆ ನೋಡಿದ.

ವನಜಾಕ್ಷಿ ಇದ್ದಳು. ಇಳಿದು ಬಂದು ಅವನ ಎದುರಿಗೆ ನಿಂತಳು.

"ಇದು ಯಾವ ಬಣ್ಣ ನೋಡಿ" ಎಂದಳು.

ನೋಡಿದ. ಗಿಣಿಹಸಿರು. ಅಯ್ಯೋ ಕರ್ಮವೇ! ಬೆಳಿಗ್ಗೆಯಿಂದ ಅವನ ಗಮನವೆಲ್ಲ ಟ್ಯೂಬಿನ ಗಾಳಿಯ ಮೇಲಿತ್ತು, ಅವಳು ಏನು ಉಟ್ಟಿದ್ದಾಳೆಂದು ನೋಡಿಯೇ ಇರಲಿಲ್ಲ. ಇನ್ನು ತನ್ನ ಕಥೆ ಮುಗಿಯಿತು, ಇವಳು ಇಲ್ಲಿಂದಲೇ ಬಸ್ಸು ಹತ್ತುತ್ತಾಳೆ ಎಂದುಕೊಂಡ.

ಆದರೆ ವನಜಾಕ್ಷಿ ರಸ್ತೆಯ ಕಡೆ ನೋಡಲಿಲ್ಲ. "ಬದನೆಕಾಯಿ ಬಣ್ಣದ್ದು ಅವತ್ತಿಂದು" ಎಂದಳು ಮೆಲ್ಲಗೆ. "ಆಮೇಲೆ ನಾನದನ್ನ ಉಟ್ಟೇ ಇಲ್ಲ. ಅವತ್ತು ನೀವು ನೋಡಿದ್ರಾ?"

"ನೋಡಿದ್ದೆ."

"ಹಗ್ಗ ಕಟ್ತಾ ಇದ್ರಿ."

"ನೋಡಿ ಆಮೇಲೆ ಕಟ್ಟಿದ್ದು."

"ಅದನ್ನ ಆ ಹಣ್ಣಿಗೆ ಹೇಳಿದ್ರಾ?"

"ಹ್ಞೂಂ."

ವನಜಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೆಂದುಕೊಂಡ. ಆಮೇಲೆ ನೋಡಿದರೆ ಕಣ್ಣಲ್ಲಿ ನೀರಿತ್ತು. ಎರಡೂ ಒಟ್ಟಿಗೇ ಬಂದಿತ್ತೋ ಏನೋ, ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತು, "ಇದು ಹೆಂಗಿದೆ?" ಎಂದಳು.

ಎದುರಿಗೇ ನಿಂತಿದ್ದಳು. ಹ್ಯಾಂಡಲ್ ನೋಡುವಂತಿರಲಿಲ್ಲ, ರಸ್ತೆ ನೋಡುವಂತಿರಲಿಲ್ಲ. ಕಾಂತೇಶ ಅವಳನ್ನು ತಲೆಯಿಂದ ಕಾಲಿನವರೆಗೆ, ಮೆಷಿನ್ನು ನೋಡುವಷ್ಟೇ ನಿಧಾನವಾಗಿ ನೋಡಿದ.

"ಇದೂ ಒಪ್ಪುತ್ತೆ" ಎಂದ. ಮಾತು ಎದುರಿಗೇ ಬಂದುಬಿಟ್ಟಿತ್ತು. ಅವನಿಗೇ ಆಶ್ಚರ್ಯವಾಯಿತು. ಆ ಧೈರ್ಯದಲ್ಲೇ ಇನ್ನೊಂದು ಮಾತನ್ನೂ ಸೇರಿಸಿದ. ಫಿಟ್ಟರ್ ಕೆಲಸದವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು, ಅಷ್ಟೇ.

"ಬೇಗ ಹತ್ತೇ. ನೀನಿಲ್ದಿದ್ರೆ ನಾನು ಇಳಿದೋಗ್ತೀನಿ."

ವನಜಾಕ್ಷಿ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಆಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಹೆಗಲ ಮೇಲೆ ಕೈಯಿಟ್ಟು ಕೂತಳು.

"ಕೂತ್ಯಾ?" ಎಂದು ಕೇಳಿದ ಕಾಂತೇಶ, ಸೀಟು ಆಗಲೇ ಹೇಳಿದ್ದರೂ.

"ಹ್ಞೂಂ" ಎಂದಳು.